ಪಾಚಿ ಬೆಳೆಸುತ್ತಿದ್ದ ಸಾಹೇಬರು

ಸೌದಿಯ ರಾಬಿಗ್‌ನಲ್ಲಿ ನಾವಿದ್ದ ಸಾಲುಮನೆಗಳ ಟೆರೇಸಿನ ಮೇಲೆ ಒಬ್ಬೊಬ್ಬರು ಒಂದೊಂದು ಬೆಳೆಸುತ್ತಿದ್ದರು. ಕೊನೆಯ ಮನೆಯ ರೆಜೀನಾ ಬಾಯಿ ಎಣ್ಣೆ ಡಬ್ಬಗಳಲ್ಲಿ ಬಸಳೆ ಹಬ್ಬಿಸಿದ್ದರು. ನಾನು ಪುದೀನ ಹಾಕಿದ್ದೆ. ನಮ್ಮ ಪಕ್ಕದ ಮನೆಯ ಸಾಹೇಬರು ಪಾಚಿ ಬೆಳೆಸುತ್ತಿದ್ದರು.

ಅಗಲದ ಅಲ್ಯೂಮಿನಿಯಂ ತಟ್ಟೆಗಳಲ್ಲಿ ನೀರು ಹೊಯ್ದು, ಅದರಲ್ಲಿ ಅಂಗೈಯಷ್ಟು ದೊಡ್ಡ ನಯವಾದ ಕಲ್ಲುಗಳನ್ನಿಟ್ಟು, ಮೇಲೆ ನೆರಳಿಗೆ ಹಳೆಯ ದುಪಟ್ಟಾ ಕಟ್ಟುತ್ತಿದ್ದರು. ವಾರದೊಳಗೆ ಕಲ್ಲಿನ ಮೇಲೆ ಹಸಿರು ಲೋಳೆ ಕೂರುತ್ತಿತ್ತು. ಊರಿನಲ್ಲಿ ಬಾವಿಕಟ್ಟೆಯ ಪಾಚಿ ಕೆರೆದು ಕೆರೆದು ಸೊಂಟ ನೋಯಿಸಿಕೊಂಡವಳು ನಾನು. ನಾವು ಆ ಮನೆಗೆ ಬಂದ ಹೊಸತರಲ್ಲಿ, ಅವರ ಹೆಂಡತಿಗೆ ಒಂದು ಕೆಲಸ ಕಡಿಮೆಯಾಗಲಿ ಎಂದು, ಯಾರಿಗೂ ಹೇಳದೆ ಆ ಕಲ್ಲುಗಳನ್ನೆಲ್ಲ ನಾರು ಹಾಕಿ ಉಜ್ಜಿ ಬೆಳ್ಳಗೆ ಮಾಡಿಟ್ಟೆ. ಸಾಹೇಬರು ಮೇಲೆ ಬಂದು ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ತಂಗಿ, ತುಂಬ ಚಂದ ತೊಳೆದಿದ್ದೀರಿ. ಇನ್ನು ಒಂದು ವಾರ ನನ್ನ ಕಫೀಲರಿಗೆ ಉಪವಾಸ."

ಸೌದಿಯಲ್ಲಿ ಕಫೀಲ್ ಎಂದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಆ ದೇಶದ ಯಜಮಾನ. ಸಾಹೇಬರು ಹಾಗೆ ಕರೆಯುತ್ತಿದ್ದುದು ತಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಮೀನುಗಳನ್ನು. ಪಾಚಿ ಆ ಮೀನುಗಳ ಊಟ.

ಈ ಸಾಹೇಬರು ತೀರಿಕೊಂಡು ಎರಡು ತಿಂಗಳಿಗೆ ಮೇಲಾಯಿತು. ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಮಕ್ಕಳಿದ್ದಾರೆ, ಅವರನ್ನು ಕೇಳದೆ ಬರೆಯಬಾರದು. ನಾನು ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು, ಬರೆದು ಅಭ್ಯಾಸವಿಲ್ಲ. ನಿಮಗೆ ಕನ್ನಡ ಓದುವುದು ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದಿ, ಮಕ್ಕಳೇ.

ಸಾಹೇಬರು ಭಟ್ಕಳದವರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಅಂಗಿಯ ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ನು. ರಿಫೈನರಿಗೆ ಜನ ಒದಗಿಸುತ್ತಿದ್ದ ಒಂದು ಗುತ್ತಿಗೆ ಕಂಪನಿಯಲ್ಲಿ ನಿಮ್ಮ ಅಜ್ಜ ಪೈಪಿನ ಕೆಲಸದ ಸೂಪರ್‌ವೈಸರ್, ಸಾಹೇಬರು ನೀರಿನ ಲ್ಯಾಬಿನಲ್ಲಿ. ಬಾಯ್ಲರಿಗೆ ಹೋಗುವ ನೀರಿನಲ್ಲಿ ಎಷ್ಟು ಉಪ್ಪು, ಎಷ್ಟು ಕ್ಲೋರಿನ್ ಎಂದು ನೋಡಿ ಅವರು ಸಹಿ ಹಾಕಬೇಕು. ಅವರು ಸಹಿ ಹಾಕಿದ ಕಾಗದವನ್ನು ಇನ್ನೊಮ್ಮೆ ನೋಡುವ ಪದ್ಧತಿ ಇರಲಿಲ್ಲ ಎಂದು ನಿಮ್ಮ ಅಜ್ಜ ಹೇಳುತ್ತಿದ್ದರು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿಯೇ ಕುಡಿಯುವುದು. ನಿಮ್ಮ ಅಜ್ಜ ಕೀಟಲೆ ಮಾಡುತ್ತಿದ್ದರು, ವಿಷ ಹಾಕಿಲ್ಲ ಸಾಹೇಬ್ರೆ, ಕುಡೀರಿ ಎಂದು. ಹಾಕಿದರೂ ಹೀಗೆ ನೋಡಿದರೆ ಕಾಣುವುದಿಲ್ಲ ಮಾರಾಯ, ಇದು ಬರೀ ಚಟ ಎಂದು ಅವರು ನಗುತ್ತಿದ್ದರು.

ಅವರ ಮನೆಮಾತು ನವಾಯತಿ, ನಮ್ಮದು ಕೊಂಕಣಿ. ಎರಡೂ ಹತ್ತಿರದ ನೆಂಟರು, ಅರ್ಧಕ್ಕರ್ಧ ತಿಳಿಯುತ್ತಿತ್ತು. ಆದರೂ ನನ್ನ ಹತ್ತಿರ ಅವರು ಕನ್ನಡದಲ್ಲೇ ಮಾತನಾಡುತ್ತಿದ್ದರು. ನಾನೋ ಮಾತನಾಡುತ್ತಲೇ ಇರಲಿಲ್ಲ. ಹೊರಗಿನ ಗಂಡಸರು ಬಂದರೆ ಅಡುಗೆಮನೆಯಿಂದ ಚಹಾ ದಾಟಿಸಿ ಬಾಗಿಲ ಹಿಂದೆ ನಿಲ್ಲುತ್ತಿದ್ದ ಹೆಂಗಸು ನಾನು. ಸಾಲಿನ ಬೇರೆ ಹೆಂಗಸರು ನನ್ನನ್ನು ಪಾಪದವಳು ಎಂದು ಬಿಟ್ಟುಬಿಟ್ಟಿದ್ದರು. ಸಾಹೇಬರು ಬಿಡಲಿಲ್ಲ.

ಆಗ ನಿಮ್ಮ ಅಮ್ಮ ಮೂರನೆಯ ಕ್ಲಾಸು. ಅವಳಿಗೆ ಲೆಕ್ಕ, ವಿಜ್ಞಾನ ಹೇಳಿಕೊಡುತ್ತೇನೆ, ಸಂಜೆ ಕಳಿಸಿ ಎಂದು ಅವರೇ ಕೇಳಿ ಕರೆಸಿಕೊಂಡರು. ಅವಳ ಜತೆ ನಾನೂ ಹೋಗಿ ಕೂರುತ್ತಿದ್ದೆ. ಅವಳು ಗುಣಾಕಾರ ಮಾಡುವಾಗ ನನಗೆ ನೋಡಲು ಇದ್ದದ್ದು ಆ ತೊಟ್ಟಿ ಮಾತ್ರ.

ಜಿದ್ದಾಕ್ಕೆ ಹೋದವರೆಲ್ಲ ಗೋಲ್ಡ್‌ಫಿಷ್ ತರುವ ಕಾಲ ಅದು. ಸಾಹೇಬರ ಮೀನುಗಳಿಗೆ ಹೇಳಿಕೊಳ್ಳುವ ಬಣ್ಣವೇ ಇರಲಿಲ್ಲ. ಬೆರಳುದ್ದ, ಕೆಸರಿನ ಬಣ್ಣ, ಬದಿಯಲ್ಲಿ ಮಾಸಿದ ಒಂದು ಪಟ್ಟೆ. ಬಾಯಿ ಮಾತ್ರ ವಿಚಿತ್ರ. ಮುಖದ ತುದಿಯಲ್ಲಿ ಇರದೆ ಗದ್ದದ ಕೆಳಗಿತ್ತು. ಅದನ್ನು ಕಲ್ಲಿಗೆ ಒತ್ತಿ ಹಿಡಿದು, ನೀರು ಎಷ್ಟು ಜೋರಾಗಿ ಬಂದರೂ ಅಲುಗದೆ ನಿಲ್ಲುತ್ತಿದ್ದವು. ಸಾರಿಗೆ ಹಾಕಿದರೂ ಒಂದು ಮನೆಗೆ ಸಾಲದ ಮೀನು ಎಂದು ರೆಜೀನಾ ಬಾಯಿ ತಮಾಷೆ ಮಾಡಿದಾಗ ಸಾಹೇಬರು ಗಂಭೀರವಾಗಿ ಹೇಳಿದ್ದು ಹೀಗೆ:

"ಈ ಸಾಲಿನಲ್ಲಿ ಇಕಾಮಾ ಇಲ್ಲದೆ ಇರಬಹುದಾದವರು ಇವರು ಮಾತ್ರ, ಬಾಯಿ. ಈ ದೇಶದವರು. ಸ್ವಲ್ಪ ಮರ್ಯಾದೆ ಕೊಡಿ."

ಇಕಾಮಾ ಎಂದರೆ ಹೊರಗಿನವರು ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ. ಆ ಮೀನುಗಳನ್ನು ಎಲ್ಲಿಂದ ತಂದರು ಎಂದು ನನಗೆ ಗೊತ್ತು, ಏಕೆಂದರೆ ನಾವು ಆ ಸಾಲಿಗೆ ಬಂದ ಮೊದಲ ತಿಂಗಳಲ್ಲೇ, ನಿಮ್ಮ ಅಮ್ಮ ಶಾಲೆಗೆ ಸೇರುವ ಮೊದಲು, ಅವುಗಳನ್ನು ತರುವ ದಿನ ನಾವೂ ಜತೆಗಿದ್ದೆವು. ಸಮುದ್ರಕ್ಕೆ ಬೆನ್ನು ಹಾಕಿ, ಗುಡ್ಡಗಳ ಕಡೆಗೆ ಪಿಕಪ್ಪಿನಲ್ಲಿ ಎರಡು ಗಂಟೆ ಹೋದರೆ ಒಂದು ವಾದಿ. ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ. ಉಳಿದ ಕಾಲದಲ್ಲಿ ಬರೀ ಕಲ್ಲು. ಆ ಕಲ್ಲುಗಳ ನಡುವೆ ಒಂದು ಹೊಂಡದಲ್ಲಿ ನೀರು ನಿಂತಿತ್ತು, ನಮ್ಮ ಬಚ್ಚಲುಮನೆಯಷ್ಟು ಜಾಗ. ಸಾಹೇಬರು ಹೊಟ್ಟೆಯ ಮೇಲೆ ಮಲಗಿ ಮುಖವನ್ನು ನೀರಿಗೆ ತಾಗುವಷ್ಟು ಹತ್ತಿರ ಇಟ್ಟು, ನನ್ನನ್ನು ಕರೆದರು. ಘಟ್ಟದ ಬುಡದ ಹಳ್ಳದಲ್ಲಿ ಚಿಕ್ಕಂದಿನಲ್ಲಿ ಕಾಲು ಇಳಿಬಿಟ್ಟರೆ ಬೆರಳಿಗೆ ಬಾಯಿ ಹಾಕುತ್ತಿತ್ತಲ್ಲ, ಅದೇ ಬಳಗದ್ದು ತಂಗಿ ಎಂದರು. ಅಲ್ಲಿಗೂ ಇಲ್ಲಿಗೂ ನಡುವೆ ಇಷ್ಟು ದೊಡ್ಡ ಸಮುದ್ರ ಇರುವಾಗ ಇವು ಹೇಗೆ ಬಂದವು ಎಂದು ತಮ್ಮನ್ನು ತಾವೇ ಕೇಳಿಕೊಂಡರು. ನಲವತ್ತೈದು ದಾಟಿದ ಮನುಷ್ಯನ ಅಂಗಿಯೆಲ್ಲ ಮಣ್ಣು. ಅಷ್ಟು ಖುಷಿಯಲ್ಲಿ ಇದ್ದವರನ್ನು ನಾನು ಆ ದೇಶದಲ್ಲಿ ಬೇರೆ ನೋಡಲಿಲ್ಲ.

ಹೊಂಡ ಬೇಸಿಗೆಗೆ ಬತ್ತುವುದು ಖಂಡಿತ ಎಂದು ಹನ್ನೊಂದು ಮೀನುಗಳನ್ನು ನೀರಿನ ಕ್ಯಾನಿನಲ್ಲಿ ತಂದರು. ಮಳೆ ಬಂದ ಮೇಲೆ ವಾಪಸು ಬಿಡುವ ಯೋಚನೆ. ಮರುವರ್ಷ ಹೋಗಿ ನೋಡಿದರೆ ಹೊಸ ರಸ್ತೆಗೆಂದು ಅಗೆದ ಕಲ್ಲುಮಣ್ಣು ಆ ಹೊಂಡದ ಮೇಲೆಯೇ ಬಿದ್ದಿತ್ತು. ಅಂದಿನಿಂದ ಸಾಹೇಬರಿಗೆ ಒಂದೇ ಹಟ. ಇನ್ನೂ ಮೇಲೆ, ಗುಡ್ಡದ ಒಳಗೆ, ಬತ್ತದ ಹೊಂಡ ಹುಡುಕಬೇಕು, ಇವುಗಳ ಸಂತಾನವನ್ನು ಅಲ್ಲಿ ಬಿಡಬೇಕು. ಅದಕ್ಕೆ ಮೊದಲು ಸಂತಾನವಾಗಬೇಕಲ್ಲ. ಇಂಥ ಮೀನು ತೊಟ್ಟಿಯಲ್ಲಿ ಮರಿ ಮಾಡುವುದು ಕಷ್ಟ ಎಂದು ಅವರೇ ಹೇಳುತ್ತಿದ್ದರು. ಹೊಳೆಯ ಹಾಗೆ ಇರಲಿ ಎಂದು ಒಂದು ಮೂಲೆಯಿಂದ ಪಂಪು ಹಾಕಿ ನೀರು ಓಡಿಸಿದರು, ಗಾಳಿಯ ಪಂಪು ಇನ್ನೊಂದು ಇಟ್ಟರು, ತಳಕ್ಕೆ ಅದೇ ವಾದಿಯ ಕಲ್ಲು ಹಾಸಿದರು. ಎರಡು ವರ್ಷ ಕಾದರು.

ಮರಿಗಳನ್ನು ಮೊದಲು ಕಂಡವಳು ನಾನು. ನಿಮ್ಮ ಅಮ್ಮ ಏಳರ ಮಗ್ಗಿ ಹೇಳುತ್ತಿದ್ದಳು. ಎರಡು ಕಲ್ಲುಗಳ ಸಂದಿಯಲ್ಲಿ ಜೀರಿಗೆ ಕಾಳಿನಷ್ಟು ಉದ್ದದ ಎರಡು ನೆರಳು ಸರಿದಂತಾಯಿತು. ಹೇಳಲು ನಾಚಿಕೆ, ಹೇಳದಿರಲು ಆಗುತ್ತಿಲ್ಲ. ಬೆರಳಿನಲ್ಲಿ ತೋರಿಸಿದೆ. ಸಾಹೇಬರು ಮಗ್ಗಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ತುದಿಗಾಲಿನಲ್ಲಿ ಬಂದು ನೋಡಿದರು. ಮೀನಿನ ವಿಷಯ ಬರೆಯುವ ಒಂದು ನೋಟುಬುಕ್ಕು ಇಟ್ಟಿದ್ದರು. ಅದರಲ್ಲಿ ಕೆಂಪು ಪೆನ್ನಿನಲ್ಲಿ, ಕನ್ನಡದಲ್ಲಿ, ನನ್ನ ಮುಂದೆಯೇ ಬರೆದರು: ಮರಿಗಳು. ಮೊದಲು ನೋಡಿದ್ದು ಪಕ್ಕದ ಮನೆಯ ತಂಗಿ. ನನ್ನ ವಿಷಯ ಯಾರಾದರೂ ಬರೆದಿಟ್ಟದ್ದು ಅದೇ ಮೊದಲು. ಅಂದಿನಿಂದ ಅವರು ನನಗೂ ಬರೆಯುವ ಕೆಲಸ ಕೊಟ್ಟರು. "ನೋಡಿದ್ದು ಬರೀರಿ. ಅಂದುಕೊಂಡದ್ದು ಬೇಡ" ಎನ್ನುತ್ತಿದ್ದರು. ನಾನು ಹೆದರಿ ಹೆದರಿ ಎರಡು ಸಾಲು ಬರೆದರೆ ಅದನ್ನು ಓದಿ, ಈ ಮಾತು ಸರಿಯಾಗಿ ಹಿಡಿದಿರಿ ಎಂದು ಒಂದು ಪದದ ಕೆಳಗೆ ಗೆರೆ ಎಳೆಯುತ್ತಿದ್ದರು.

ಇನ್ನು ಗುರುವಾರದ ವಿಷಯ ಹೇಳಬೇಕು. ನಮ್ಮ ಸಾಲಿಗೆ ಜಿರಳೆಯ ಕಾಟ. ಚರಂಡಿಯ ಮ್ಯಾನ್‌ಹೋಲಿನಿಂದ ಮೇಲೆ ಬರುತ್ತಿದ್ದವು. ಒಬ್ಬರು ಔಷಧ ಹೊಡೆದರೆ ಪಕ್ಕದ ಮನೆಗೆ ಹೋಗುತ್ತವೆ ಎಂದು ಸಾಲಿನವರೆಲ್ಲ ಸೇರಿ ಒಂದು ಕ್ರಮ ಮಾಡಿದ್ದರು. ತಿಂಗಳ ಮೊದಲ ಗುರುವಾರ ಸಂಜೆ ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಸ್ಪ್ರೇ ಹೊಡೆದು, ಬಾಗಿಲು ಕಿಟಕಿ ಮುಚ್ಚಿ, ಚಾಪೆ ಕಟ್ಟಿಕೊಂಡು ಸಮುದ್ರದ ದಡಕ್ಕೆ ಹೋಗುವುದು. ಊಟ ಮುಗಿಸಿಯೇ ವಾಪಸು. ಆರು ಮನೆಗಳಲ್ಲಿ ಹೊಡೆಯದ್ದು ಸಾಹೇಬರ ಮನೆ ಒಂದೇ. ಅವರು ಮೂಲೆ ಮೂಲೆಯಲ್ಲಿ ಬೋರಿಕ್ ಪುಡಿಯ ಉಂಡೆ ಇಡುತ್ತಿದ್ದರು. ಐದು ಮನೆಯ ಜಿರಳೆಗಳಿಗೂ ಸಾಹೇಬರು ವೀಸಾ ಕೊಟ್ಟಿದ್ದಾರೆ ಎಂದು ರೆಜೀನಾ ಬಾಯಿಯ ದೂರು. ಅವರ ಹೆಂಡತಿಗೆ, ನಾವು ಅಕ್ಕ ಎನ್ನುತ್ತಿದ್ದೆವು, ದಮ್ಮು ಇತ್ತು. ಆ ಕಾರಣಕ್ಕೆ ಹೊಡೆಯುವುದಿಲ್ಲ ಎಂದು ಎಲ್ಲರೂ ತಿಳಿದಿದ್ದೆವು. ಯಾರೂ ಕೇಳಲಿಲ್ಲ. ನಾನಂತೂ ಕೇಳುವವಳೇ ಅಲ್ಲ.

ಆ ವರ್ಷ ಸಾಹೇಬರು ಮನೆಮಂದಿಯ ಜತೆ ಒಂದು ತಿಂಗಳ ರಜೆಗೆ ಊರಿಗೆ ಹೊರಟರು. ಕೀಲಿಕೈ ನನಗೆ ಕೊಟ್ಟರು. ದಿನಕ್ಕೆ ಟೆರೇಸಿನಿಂದ ಎರಡು ಪಾಚಿ ಕಲ್ಲು ತಂದು ಹಾಕಿ ಹಳೆಯ ಎರಡನ್ನು ಮೇಲೆ ಇಡಬೇಕು. ನೀರು ಕಡಿಮೆಯಾದರೆ ಡ್ರಮ್ಮಿನಿಂದ ಒಂದು ತಂಬಿಗೆ ಹಾಕಬೇಕು. ಟ್ಯಾಂಕರಿನ ಸಿಹಿನೀರನ್ನು ಆ ಡ್ರಮ್ಮಿನಲ್ಲಿ ತುಂಬಿಸಿ, ದಿನಗಟ್ಟಲೆ ಬಿಟ್ಟು, ಪರೀಕ್ಷೆ ಮಾಡಿ ಇಟ್ಟಿದ್ದರು. ಇದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ಸ್ಪ್ರೇ ಬಗ್ಗೆ ಅದರಲ್ಲಿ ಇರಲಿಲ್ಲ. ಎಂದೂ ಹೊಡೆಯದ ಮನೆಯಲ್ಲಿ ಹೊಡೆಯಬೇಡಿ ಎಂದು ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ?

ಮೂರು ವಾರ ನಾನು ಆ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದೆ ಎಂದು ಹೇಳಿದರೆ ಈಗ ನನಗೇ ನಗು ಬರುತ್ತದೆ. ಬೆಳಿಗ್ಗೆ ನಿಮ್ಮ ಅಜ್ಜನನ್ನೂ ನಿಮ್ಮ ಅಮ್ಮನನ್ನೂ ಕಳಿಸಿ, ತಲೆ ಬಾಚಿಕೊಂಡು, ಒಳ್ಳೆಯ ನೈಟಿ ಹಾಕಿಕೊಂಡು ಹೋಗುತ್ತಿದ್ದೆ, ಯಾರದೋ ಆಫೀಸಿಗೆ ಹೋಗುವ ಹಾಗೆ. ಮರಿಗಳು ಇಪ್ಪತ್ತಮೂರು ಎಂದು ಎಣಿಸಿದೆ. ದೊಡ್ಡವನೊಬ್ಬ ಉಳಿದವರನ್ನು ತಳ್ಳಿ ಹೊಸ ಕಲ್ಲಿಗೆ ಮೊದಲು ಬಾಯಿ ಹಾಕುತ್ತಾನೆ ಎಂದು ಬರೆದೆ.

ನಮ್ಮ ಸಾಲಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಊರಿಗೆ ಹೋದವರು ಬರುವ ಮೊದಲು ಪಕ್ಕದವರು ಅವರ ಮನೆ ಗುಡಿಸಿ ಒರೆಸಿ, ಹಾಸಿಗೆಗೆ ಬಿಸಿಲು ತೋರಿಸಿ, ಬಂದ ದಿನದ ಊಟ ಮಾಡಿಡಬೇಕು. ಸಾಹೇಬರು ಬರುವುದು ಭಾನುವಾರ. ಅದರ ಹಿಂದಿನದು ತಿಂಗಳ ಮೊದಲ ಗುರುವಾರ. ಆ ಮಧ್ಯಾಹ್ನ ರೆಜೀನಾ ಬಾಯಿ ಮತ್ತೆ ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದರು.

"ಅಕ್ಕ ಇಲ್ಲದಾಗಲೇ ಹೊಡೆದುಬಿಡುವ ಮಾರಾಯ್ತಿ" ಎಂದರು ರೆಜೀನಾ ಬಾಯಿ. "ಅವರು ಬರುವಷ್ಟರಲ್ಲಿ ವಾಸನೆ ಹೋಗ್ತದೆ. ಮನೆ ಶುದ್ಧವಾದರೆ ಅವರಿಗೂ ಒಳ್ಳೆದಲ್ವಾ? ಕೀ ನಿನ್ನ ಹತ್ತಿರ ಉಂಟು."

ನನಗೆ ಒಳಗೆ ಏನೋ ತಡೆಯಿತು. ಕೇಳದೆ ಹೇಗೆ ಎಂಬ ಮಾತು ಬಾಯಿಯವರೆಗೆ ಬಂತು. ಮೂವರು ಹೆಂಗಸರ ಎದುರು ಅದನ್ನು ಆಡಲು ನನ್ನಿಂದ ಆಗಲಿಲ್ಲ. ಮೀನಿನ ನೆನಪು ಇರಲಿಲ್ಲ ಎಂದಲ್ಲ. ತೊಟ್ಟಿಗೆ ನಮ್ಮ ಮನೆಯ ದಪ್ಪ ಚಾದರ ತಂದು ನೆಲದವರೆಗೆ ಹೊದಿಸಿದೆ. ಆಮೇಲೆ ಅಡುಗೆಮನೆ, ಬಚ್ಚಲು, ಹಾಲಿನ ಮೂಲೆಗಳಿಗೆ ನನ್ನ ಕೈಯಿಂದಲೇ ಹೊಡೆದು, ಬಾಗಿಲು ಮುಚ್ಚಿ, ಎಲ್ಲರ ಜತೆ ಸಮುದ್ರಕ್ಕೆ ಹೋದೆ. ಅಂದಿನ ಪುಟದಲ್ಲಿ ಬೆಳಿಗ್ಗೆ ಬರೆದದ್ದು ಇಷ್ಟೇ: ವಿಶೇಷವಿಲ್ಲ.

ಶುಕ್ರವಾರ ಬೆಳಿಗ್ಗೆ ಚಾದರ ತೆಗೆದಾಗ ಎಲ್ಲವೂ ಮೇಲೆ ತೇಲುತ್ತಿದ್ದವು. ಕಲ್ಲಿಗೆ ಬಾಯಿ ಒತ್ತಿ ಹಿಡಿಯುವ ಮೀನುಗಳು ಹೊಟ್ಟೆ ಮೇಲೆ ಮಾಡಿ ಪಂಪಿನ ನೀರಿಗೆ ಸುತ್ತು ತಿರುಗುತ್ತಿದ್ದವು. ಮರಿಗಳು ಕಾಣಿಸಲೇ ಇಲ್ಲ. ಅವು ಕಲ್ಲಿನ ಸಂದಿಯಲ್ಲಿ ಇದ್ದವು.

ನಿಮ್ಮ ಅಜ್ಜನನ್ನು ಕರೆದೆ. ಪೈಪಿನ ಕೆಲಸದವರು, ಒಂದು ಸಲ ನೋಡಿ ಕೇಳಿದ್ದು, ಗಾಳಿಯ ಪಂಪು ಬಂದ್ ಮಾಡಿದ್ದೆಯಾ ಎಂದು. ಇಲ್ಲ. ಪಂಪು ಚಾದರದ ಹೊರಗೆ ಗೋಡೆಯ ಬದಿಗಿತ್ತು. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬಿಡುವುದೇ ಅದರ ಕೆಲಸ. ಇಡೀ ಸಂಜೆ ಅದು ಆ ಕೆಲಸ ಮಾಡಿತ್ತು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬಹುಶಃ ಮುಂದಿನದು ಬೇರೆಯಾಗುತ್ತಿತ್ತು. ಮೀನಲ್ಲವಾ, ಸಾಯುತ್ತದೆ, ನೀನು ಏನೂ ಹೇಳಬೇಡ ಎಂದರು. ಮಗಳಿಗೆ ದುಡ್ಡು ಮುಟ್ಟದೆ ಪಾಠ ಹೇಳುವ ಮನುಷ್ಯ, ಅವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಎಂದರು. ಕಿಟಕಿಗಳನ್ನು ತೆರೆದೆವು. ವಾಸನೆ ಹೋಗಲೆಂದು ಇಬ್ಬರೂ ಸೇರಿ ಇಡೀ ಮನೆ ತೊಳೆದೆವು. ನಲ್ಲಿಯ ಉಪ್ಪುನೀರು ನೆಲದ ಮೇಲೆ ಕಲೆ ಬಿಡುತ್ತದೆಂದು ಅವರ ಡ್ರಮ್ಮಿನ ಸಿಹಿನೀರನ್ನೇ ಖಾಲಿ ಮಾಡಿದೆವು. ನೋಟುಬುಕ್ಕಿನ ಗುರುವಾರ ಹಾಗೇ ಉಳಿಯಿತು. ಶುಕ್ರವಾರದ ಪುಟದಲ್ಲಿ, ಎಲ್ಲವೂ ಸತ್ತಿವೆ ಎಂದು ಬರೆದೆ. ನಿಮ್ಮ ಅಮ್ಮನಿಗೆ, ಸ್ಪ್ರೇ ಹೊಡೆದದ್ದು ಯಾರಿಗೂ ಹೇಳಬಾರದು ಎಂದೆ. ಅವಳಿಗೆ ಎಂಟು ವರ್ಷ.

ಭಾನುವಾರದ ಊಟಕ್ಕೆ ಕೋಳಿ ಮಾಡಿದೆ. ಆ ದಿನ ಮೀನು ಹುರಿಯಲು ಆಗಲಿಲ್ಲ.

ಸಾಹೇಬರು ಒಳಗೆ ಬಂದವರು ಕೈಕಾಲು ತೊಳೆಯದೆ ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು. ಮಕ್ಕಳು ಅಳುತ್ತಿದ್ದರು. ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿದ್ದ ನನ್ನನ್ನು ಅವರು ನೋಡಿದರು.

"ತಂಗಿ, ನೀವು ಹೆದರಬೇಡಿ. ನೀವು ನೋಡಿಕೊಂಡದ್ದು ಪುಸ್ತಕದಲ್ಲಿ ಕಾಣ್ತದೆ. ನಿಮ್ಮ ತಪ್ಪಲ್ಲ."

ಮೂರನೆಯ ದಿನ ನೋಟುಬುಕ್ಕು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಿಮ್ಮ ಅಜ್ಜ ಡ್ಯೂಟಿಯಲ್ಲಿದ್ದರು. ಸಾಹೇಬರು ಒಳಗೆ ಬರದೆ ಹೊಸ್ತಿಲಾಚೆ ನಿಂತೇ ಕೇಳಿದರು.

"ಬುಧವಾರ ಡ್ರಮ್ಮಿನಿಂದ ಒಂದು ತಂಬಿಗೆ ನೀರು ಹಾಕಿದ್ದೀರಿ. ಗುರುವಾರ ವಿಶೇಷವಿಲ್ಲ. ಶುಕ್ರವಾರ ಎಲ್ಲವೂ ಹೋಗಿವೆ. ಗುರುವಾರ ಏನಾದರೂ ಆಯ್ತಾ? ಸಣ್ಣದು, ಹೇಳ್ಲಿಕ್ಕೆ ಆಗದಂಥ ಸಣ್ಣದು. ಯಾರ ಮೇಲೂ ಹಾಕ್ಲಿಕ್ಕಲ್ಲ. ನನಗೆ ತಿಳೀಬೇಕು ಅಷ್ಟೆ."

ಮಕ್ಕಳೇ, ಇದಕ್ಕಿಂತ ಮೆತ್ತಗೆ ಯಾರೂ ಯಾರನ್ನೂ ಕೇಳಲಾರರು. ನಾನು ನೆಲ ನೋಡಿದೆ. ತಲೆ ಅಡ್ಡ ಆಡಿಸಿದೆ.

ಅವರು ನಂಬಿದರು. ನಾಚಿಕೆಯ ಹೆಂಗಸು ಸುಳ್ಳು ಹೇಳುತ್ತಾಳೆ ಎಂದು ಯಾರಿಗೂ ಅನಿಸುವುದಿಲ್ಲ. ನನ್ನ ನಾಚಿಕೆಯಿಂದ ನನಗೆ ಜೀವನದಲ್ಲಿ ಆದ ಒಂದೇ ಒಂದು ಉಪಯೋಗ ಅದು.

"ಹಾಗಾದರೆ ಡ್ರಮ್ಮಿನ ನೀರೇ" ಎಂದರು. "ಅದನ್ನು ಅಳೆದದ್ದು ನಾನು. ನನ್ನ ಕೈ ತಪ್ಪಿದೆ."

ಡ್ರಮ್ಮಿನ ನೀರನ್ನು ಮತ್ತೊಮ್ಮೆ ಪರೀಕ್ಷೆ ಮಾಡೋಣವೆಂದರೆ ಡ್ರಮ್ಮು ಖಾಲಿ. ಮನೆ ಒರೆಸಿದೆವು ಎಂದು ನಿಮ್ಮ ಅಜ್ಜ ಹೇಳಿದ್ದರು, ಅದಕ್ಕೂ ಸಾಹೇಬರು ಥ್ಯಾಂಕ್ಸ್ ಹೇಳಿದ್ದರು. ತೊಟ್ಟಿಯ ನೀರನ್ನು ಲ್ಯಾಬಿಗೆ ಒಯ್ದು ಮೂರು ಸಲ ನೋಡಿದರು. ಉಪ್ಪು ಸರಿ, ಕ್ಲೋರಿನ್ ಇಲ್ಲ. ಜಿರಳೆ ಔಷಧಕ್ಕೆ ಅವರ ಲ್ಯಾಬಿನಲ್ಲಿ ಪರೀಕ್ಷೆ ಇರಲಿಲ್ಲ. ಬೇರೆಯವರಾದರೆ ಹಾಗಾದರೆ ನೀರಿನದ್ದಲ್ಲ ಎನ್ನುತ್ತಿದ್ದರು. ಸಾಹೇಬರು, ಹಾಗಾದರೆ ನನ್ನ ಪರೀಕ್ಷೆಯೇ ಸರಿ ಇಲ್ಲ ಎಂದುಕೊಂಡರು.

ರೆಜೀನಾ ಬಾಯಿಗೂ ಉಳಿದವರಿಗೂ ವಿಷಯ ತಿಳಿದಿತ್ತು, ಯಾರೂ ಬಾಯಿ ಬಿಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದು ನನ್ನನ್ನು.

ಆಮೇಲಿನದನ್ನು ನಿಮ್ಮ ಅಜ್ಜ ಊಟದ ಹೊತ್ತಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದರು. ಸಾಹೇಬರು ಒಂದು ಸ್ಯಾಂಪಲನ್ನು ಮೂರು ಸಲ ನೋಡುತ್ತಿದ್ದಾರಂತೆ. ಸಹಿ ಹಾಕಿ, ಕಾಗದ ಕಳಿಸಿ, ಮತ್ತೆ ತರಿಸಿಕೊಳ್ಳುತ್ತಿದ್ದಾರಂತೆ. ಅವರ ಕಾಗದಕ್ಕಾಗಿ ಬಾಯ್ಲರಿನವರು ಕಾಯಬೇಕಾಗಿ ಬಂದು, ಮುದುಕನಿಗೆ ಕಣ್ಣು ಹೋಯಿತೋ ತಲೆ ಹೋಯಿತೋ ಎಂದು ಇಂಜಿನಿಯರ್ ಎಲ್ಲರೆದುರು ಕೇಳಿದನಂತೆ. ಅದನ್ನು ಹೇಳಿ ನಿಮ್ಮ ಅಜ್ಜ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ಸಂಜೆ ಗೋಡೆಯ ಆಚೆಯಿಂದ ಸಾಹೇಬರ ಕೆಮ್ಮು ಕೇಳುತ್ತಿತ್ತು. ಎದ್ದು ಹೋಗಿ ಬಾಗಿಲು ತಟ್ಟಲು ಹತ್ತು ಹೆಜ್ಜೆ.

ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ. ಪಾಠದ ಹೊತ್ತಿನಲ್ಲಿ ಮಗಳ ಬಾಯಿಂದ ಎಲ್ಲಿ ಗುರುವಾರದ ಮಾತು ಬೀಳುತ್ತದೋ ಎಂಬ ಭಯಕ್ಕೆ ಅವಳನ್ನು ಕಳಿಸುವುದು ನಿಲ್ಲಿಸಿದೆ. ಮೊದಲು ಜ್ವರ ಎಂದೆ, ಆಮೇಲೆ ಪರೀಕ್ಷೆ ಎಂದೆ. ಒಂದು ತಿಂಗಳ ಮೇಲೆ ಟೆರೇಸಿನಲ್ಲಿ ಎದುರಾದಾಗ ಸಾಹೇಬರು ನಗುತ್ತಲೇ ಕೇಳಿದರು.

"ನೀವೂ ನನ್ನ ಲೆಕ್ಕ ನಂಬೋದು ಬಿಟ್ಟಿರಾ, ತಂಗಿ?"

ನಾನು ಒಣಗಿದ ಬಟ್ಟೆಗಳನ್ನು ಎತ್ತಿಕೊಂಡು ಕೆಳಗೆ ಇಳಿದೆ.

ಅರ್ಧ ವರ್ಷದೊಳಗೆ ಅವರು ತಾವಾಗಿಯೇ ಅರ್ಜಿ ಕೊಟ್ಟು ಲ್ಯಾಬಿನಿಂದ ಸ್ಟೋರಿಗೆ ಹೋದರು. ಬಾಟಲಿ, ಕೈಗವಸು ಕೊಡುವ ಕೆಲಸ. ಲ್ಯಾಬು ಯಾಕೆ ಬಿಟ್ಟಿರಿ ಎಂದು ನಿಮ್ಮ ಅಜ್ಜ ಕೇಳಿದಾಗ ಹೇಳಿದರಂತೆ, ಮೀನು ಸತ್ತರೆ ಮೀನು, ನಾಳೆ ನನ್ನ ಸಹಿಯಿಂದ ಬಾಯ್ಲರ್ ಹೋದರೆ ಮನುಷ್ಯರು ಎಂದು. ತೊಟ್ಟಿಯನ್ನು ಯಾರಿಗೋ ಕೊಟ್ಟರು. ಬೇರೆ ಮೀನು ತರಲಿಲ್ಲ, ವಾದಿಯ ಕಡೆಗೆ ಪಿಕಪ್ಪು ತಿರುಗಲಿಲ್ಲ. ತಟ್ಟೆಗಳಲ್ಲಿ ನೀರು ಆರಿ, ಹಸಿರು ಸಿಪ್ಪೆಯಾಗಿ ಎದ್ದು, ಗಾಳಿಗೆ ಹಾರಿ ನಾವು ಒಣಗಿಸಿದ ಬಟ್ಟೆಗಳಿಗೆ ಅಂಟುತ್ತಿತ್ತು.

ಮರುವರ್ಷ ಅವರು ಸೌದಿ ಬಿಟ್ಟು ಊರಿಗೆ ಹೊರಟರು. ಹೊರಡುವ ದಿನ ಆ ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟು, ಅಕ್ಷರ ಚಂದ ಉಂಟು, ಖಾಲಿ ಹಾಳೆ ತುಂಬ ಉಂಟು, ಬರೀರಿ ಎಂದರು. ಅದು ನನ್ನ ಕಪಾಟಿನಲ್ಲಿದೆ. ಇದನ್ನು ಅದರಲ್ಲಿ ಬರೆಯುತ್ತಿಲ್ಲ. ಅದನ್ನು ತೆರೆಯಲು ನನಗೆ ಕೈ ಬರುವುದಿಲ್ಲ.

ನಿಮ್ಮ ಅಜ್ಜ ಇರುವಷ್ಟು ಕಾಲ ನಾವು ಆ ಮಾತು ಎತ್ತಲಿಲ್ಲ. ಕಾಯಿಲೆ ಮಲಗಿದ ಮೇಲೆ ಒಮ್ಮೆ ಅವರೇ, ಭಟ್ಕಳಕ್ಕೆ ಒಂದು ಸಲ ಹೋಗಿಬರಬೇಕಿತ್ತು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅವರು ಹೋದ ಮೇಲೂ ನನಗೆ ಒಂಬತ್ತು ವರ್ಷ ಇತ್ತು. ನಾನಿರುವ ಉಡುಪಿಯಿಂದ ಭಟ್ಕಳಕ್ಕೆ ಬಸ್ಸು ಎಷ್ಟು ಬೇಕಾದರೂ ಉಂಟು. ಮುಂದಿನ ತಿಂಗಳು ಎನ್ನುತ್ತಾ ಇದ್ದೆ. ಕೊನೆಗೆ ಹೊರಟದ್ದು ಸಾಹೇಬರು ತೀರಿಕೊಂಡ ಸುದ್ದಿ ಬಂದ ಮೇಲೆ.

ಅಕ್ಕ ಒಳಕೋಣೆಯಲ್ಲಿ ಕೂತಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹೊರಗೆ ಹೋಗದೆ ಇರುವ ಕಾಲ ಅವರಿಗೆ. ನನ್ನನ್ನು ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ಸಾಹೇಬರ ಕೊನೆಯ ವರ್ಷಗಳ ಕಥೆಯನ್ನು ಅವರು ನಗುತ್ತಾ ಹೇಳಿದರು. ಗ್ಯಾಸ್ ಬಂದ್ ಮಾಡಿದ್ದನ್ನು ಮೂರು ಸಲ ನೋಡಿ ಬರುವುದು, ಮಾತ್ರೆಯನ್ನು ಎಣಿಸಿ ಮತ್ತೆ ಎಣಿಸುವುದು. ದೊಡ್ಡ ಮಗ ಮನೆ ಕಟ್ಟಿಸಿ ಬಾವಿ ತೆಗೆಸಿದಾಗ, ಅಪ್ಪ, ನೀರು ಒಮ್ಮೆ ನೋಡಿ ಎಂದರೆ ನನ್ನ ಹತ್ತಿರ ಕೇಳಬೇಡ ಎಂದು ಎದ್ದು ಹೋದರಂತೆ. ಮಕ್ಕಳೆಲ್ಲ ಅಪ್ಪನಿಗೆ ಡೌಟಿನ ಕಾಯಿಲೆ ಎಂದು ನಗುತ್ತಿದ್ದರಂತೆ. ನಾವೆಲ್ಲ ತುಂಬ ನಗಾಡಿದೆವು ಅವರನ್ನು ಎಂದರು ಅಕ್ಕ.

ಆಗ ಹೇಳಿದೆ. ಚಾದರ, ಸ್ಪ್ರೇ, ಪಂಪು, ಡ್ರಮ್ಮು, ನೋಟುಬುಕ್ಕು, ಅವರು ಹೊಸ್ತಿಲಲ್ಲಿ ನಿಂತು ಕೇಳಿದ್ದು, ನಾನು ತಲೆ ಆಡಿಸಿದ್ದು. ಇಷ್ಟು ಉದ್ದ ಮಾತನ್ನು ನಾನು ಯಾರ ಮುಂದೆಯೂ ಆಡಿದವಳಲ್ಲ.

ಅಕ್ಕ ನಗುವುದನ್ನು ನಿಲ್ಲಿಸಿದ್ದರು. ತಲೆಯ ಸೆರಗು ಸರಿಮಾಡಿಕೊಂಡು ಹೇಳಿದರು, "ಸ್ಪ್ರೇ ಹೊಡೆಯದೆ ಇದ್ದದ್ದು ನನ್ನ ದಮ್ಮಿಗಲ್ಲ. ಮೀನಿಗೆ. ಒಂದು ಮಾತು ಕೇಳಿದ್ದರೆ ಆಗ್ತಿತ್ತು."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಒರಟಾಗಿ ಅಲ್ಲ, ಆದರೆ ಕೈ ತೆಗೆದುಕೊಂಡರು.

"ಮಾಫ್ ಮಾಡು ಅಂತ ನನ್ನ ಹತ್ತಿರ ಕೇಳಬೇಡಿ. ಅದು ನನ್ನ ಕೈಯಲ್ಲಿಲ್ಲ. ನನ್ನ ಮಗನಿಗೆ ಹೇಳಿ. ಅಪ್ಪನನ್ನು ಎಲ್ಲರಿಗಿಂತ ಹೆಚ್ಚು ನಗಾಡಿದವನು ಅವನು."

ನಾನು ಬೇಡ ಎನ್ನುವಷ್ಟರಲ್ಲಿ ಫೋನು ಹಚ್ಚಿದರು. ರಾಬಿಗ್‌ನವರು ಬಂದಿದ್ದಾರೆ, ಅಪ್ಪನ ವಿಷಯ ಹೇಳಲಿಕ್ಕುಂಟು ಎಂದು ಅಷ್ಟೇ ಹೇಳಿ ಫೋನನ್ನು ನನ್ನ ಕೈಯಲ್ಲಿಟ್ಟರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಬೇಗ ಮುಗಿಯಿತು. ಕೊನೆಗೆ ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಅಪ್ಪನಿಗೆ ಇದು ಗೊತ್ತಿತ್ತಾ ಆಂಟಿ?"

ಗೊತ್ತಿತ್ತು, ಗೊತ್ತಿದ್ದೂ ನನ್ನನ್ನು ಏನೂ ಅನ್ನಲಿಲ್ಲ ಎಂದರೆ ಅವನಿಗೂ ಹಗುರ, ನನಗೂ ಹಗುರ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಮಗಾ" ಎಂದೆ. "ಅವರು ಕೇಳಿದರು. ನಾನು ಹೇಳಲಿಲ್ಲ."